ಕಲಿಸುವವರು ಕಲಿತ ದಾರಿ

ಬೆಂಗಳೂರಿನ ಹಳಬರು ಇಂದಿಗೂ ದಂಡು ಎಂದೇ ಕರೆಯುವ ಪೂರ್ವಭಾಗವು ಭಾಷೆಯ ವಿಷಯದಲ್ಲಿ ನಾಡಿನ ಉಳಿದ ಯಾವ ಊರನ್ನೂ ಹೋಲುವುದಿಲ್ಲ. 1809ರಲ್ಲಿ ಬ್ರಿಟಿಷರ ಸೈನ್ಯ ಇಲ್ಲಿ ಬೀಡುಬಿಟ್ಟ ಮೇಲೆ ಅದರ ಬೆನ್ನಿಗೆ ಮದರಾಸು ಪ್ರಾಂತ್ಯದಿಂದ ಬಂದು ನೆಲಸಿದ ಗುತ್ತಿಗೆದಾರರು, ವರ್ತಕರು, ಅಡುಗೆಯವರು, ಅಗಸರು, ಗಾರೆ ಕೆಲಸದವರು ತಮಿಳನ್ನು ಬೀದಿಯ ಮಾತಾಗಿ ಮಾಡಿದರು. ಮಾರುಕಟ್ಟೆಯ ಸುತ್ತ ದಖನಿ ಉರ್ದು ಬೆಳೆಯಿತು. ಕಚೇರಿಯಲ್ಲಿಯೂ ಕವಾಯತಿನ ಮೈದಾನದಲ್ಲಿಯೂ ಇಂಗ್ಲಿಷು ನೆಲೆನಿಂತಿತು. ಸುತ್ತಣ ಹಳ್ಳಿಗಳಿಂದ ಹಾಲು, ಸೊಪ್ಪು, ತರಕಾರಿ ಹೊತ್ತು ತರುವವರ ಬಾಯಲ್ಲಿ ಕನ್ನಡ ತೆಲುಗುಗಳು ದಿನವೂ ಬಂದು ಹೋಗುತ್ತಿದ್ದವು. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ಈ ಭಾಗವನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಂಡರಾಗಿ, ಅದು ಮೈಸೂರಿನ ಆಡಳಿತಕ್ಕೆ ಬಂದದ್ದು 1947ರ ಜುಲೈ ತಿಂಗಳಲ್ಲಿ; ಪೇಟೆಯೊಡನೆ ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದು 1949ರಲ್ಲಿ.

ಇಂಥ ನೆಲದಲ್ಲಿ ಎರಡು ಬಗೆಯ ಇಂಗ್ಲಿಷ್ ಶಾಲೆಗಳು ಹುಟ್ಟಿಕೊಂಡುದು ಆಶ್ಚರ್ಯವಲ್ಲ. 1858ರ ಸೇಂಟ್ ಜೋಸೆಫ್ಸ್, 1865ರ ಬಿಷಪ್ ಕಾಟನ್, 1880ರ ಬಾಲ್ಡ್‌ವಿನ್ ಮುಂತಾದವು ಪ್ರಧಾನವಾಗಿ ಐರೋಪ್ಯರ ಮತ್ತು ಆಂಗ್ಲೋ-ಇಂಡಿಯನ್ನರ ಮಕ್ಕಳನ್ನು, ಎಂದರೆ ಮನೆಯಲ್ಲಿಯೇ ಇಂಗ್ಲಿಷ್ ಆಡುವ ಮಕ್ಕಳನ್ನು, ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. 1873ರಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ತೆರೆದ ಶಾಲೆಯಾದರೋ ದಂಡಿನ ಬಡವರ ಮಕ್ಕಳಿಗಾಗಿ. ಮೊದಲನೆಯ ವರ್ಗದ ಮಕ್ಕಳಿಗೆ ಶಾಲೆಯು ಸಾಹಿತ್ಯವನ್ನೂ ಲೆಕ್ಕವನ್ನೂ ಕಲಿಸಿದರೆ ಸಾಕಾಗಿತ್ತು, ಭಾಷೆಯನ್ನು ತಾಯಿಯೇ ಕಲಿಸಿ ಕಳುಹಿಸಿದ್ದಳು. ಎರಡನೆಯ ವರ್ಗದ ಮಕ್ಕಳಿಗೆ ಭಾಷೆಯನ್ನೇ ಕಲಿಸಬೇಕಾಗಿತ್ತು. ಇಂದು ಶಿವಾಜಿನಗರದ ಗಲ್ಲಿಗಳಲ್ಲಿಯೂ, ಹಲಸೂರಿನ ಹಳೆಯ ಕೇರಿಗಳಲ್ಲಿಯೂ, ಇಂದಿರಾನಗರದ ದೊಡ್ಡ ಮನೆಗಳ ಹಿಂಬದಿಯ ವಠಾರಗಳಲ್ಲಿಯೂ, ಕೆ.ಆರ್. ಪುರದ ಆಚೆಗೆ ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿಯೂ ಬೆಳೆಯುವ ಮಕ್ಕಳಲ್ಲಿ ಬಹುಪಾಲು ಈ ಎರಡನೆಯ ವರ್ಗಕ್ಕೆ ಸೇರಿದವರು. ಆದರೆ ಅವರಿಗೆ ಇಂಗ್ಲಿಷ್ ಕಲಿಸುವ ಅಧ್ಯಾಪಕರನ್ನು ಆರಿಸುವಾಗ ನಾವು ಇಂದಿಗೂ ಮೊದಲನೆಯ ವರ್ಗದ ಶಾಲೆಯ ಅಳತೆಗೋಲನ್ನೇ ಹಿಡಿದು ನಿಂತಿದ್ದೇವೆ.

ಖಾಸಗಿ ಆಡಳಿತ ಮಂಡಳಿಯವರು ಉಚ್ಚಾರಣೆ ಚೆನ್ನಾಗಿದೆಯೇ ಎಂದು ಕೇಳುತ್ತಾರೆ. ಸರ್ಕಾರದವರು ಪ್ರಮಾಣಪತ್ರವನ್ನೂ ಸೇವಾಜ್ಯೇಷ್ಠತೆಯನ್ನೂ ನೋಡುತ್ತಾರೆ. ಎರಡೂ ನೋಡತಕ್ಕವೇ, ಆದರೆ ‘ಅಮ್ಮಾ, ನೀವು ಈ ಭಾಷೆಯನ್ನು ಕಲಿತದ್ದು ಹೇಗೆ? ಎಲ್ಲಿ ತಡವರಿಸಿದಿರಿ? ಯಾರ ಮುಂದೆ ನಾಚಿಕೊಂಡಿರಿ?’ ಎಂಬ ಪ್ರಶ್ನೆಯನ್ನು ಯಾವ ಸಂದರ್ಶನದಲ್ಲಿಯೂ ಯಾರೊಬ್ಬರೂ ಕೇಳಿದುದನ್ನು ನಾನು ಕಾಣೆ. ಪರಭಾಷೆಯೊಂದನ್ನು ಕಲಿಸುವವರ ಬಾಳಿನ ಅನುಭವ, ಅದರಲ್ಲಿಯೂ ಅವರು ಆ ಭಾಷೆಯನ್ನು ಪಡೆದುಕೊಂಡ ಬಗೆ, ಅವರ ವೃತ್ತಿಯ ಬಂಡವಾಳದ ಒಂದು ಮುಖ್ಯ ಭಾಗವೆಂದೂ, ಅದನ್ನು ಕೊರತೆಯೆಂದು ಮುಚ್ಚಿಡುವಂತೆ ಮಾಡಿರುವುದರಿಂದಲೇ ನಮ್ಮ ಶಾಲೆಗಳು ಬಹಳ ನಷ್ಟಪಟ್ಟಿವೆಯೆಂದೂ ನನ್ನ ಅಭಿಪ್ರಾಯ.

ಒಂದು ನಿದರ್ಶನ. ಶಿವಾಜಿನಗರದ ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುವ ಸಣ್ಣ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಪಾಠವನ್ನು ಕುಳಿತು ನೋಡುವ ಅವಕಾಶ ನನಗೆ ಒದಗಿತ್ತು. ದಖನಿ ಆಡುವ ಮನೆಗಳಿಂದ ಬಂದ ಮಕ್ಕಳು, ನಮ್ಮ ಹಳ್ಳಿಯ ಕನ್ನಡಿಗರಂತೆಯೇ, ‘ಸ್ಕೂಲ್’ ಎನ್ನುವಲ್ಲಿ ‘ಇಸ್ಕೂಲ್’ ಎನ್ನುತ್ತಾರೆ, ‘ಸ್ಟೇಷನ್’ ಎನ್ನುವಲ್ಲಿ ‘ಇಸ್ಟೇಷನ್’ ಎನ್ನುತ್ತಾರೆ. ಮಾತಿನ ಮೊದಲಲ್ಲೇ ಸಕಾರಕ್ಕೆ ಮತ್ತೊಂದು ವ್ಯಂಜನ ಕೂಡಿ ಬಂದರೆ ಅವರ ನಾಲಗೆ ಒಂದು ಸ್ವರವನ್ನು ಊರುಗೋಲಾಗಿ ಹಿಡಿಯುತ್ತದೆ. ಅಲ್ಲಿನ ಅಧ್ಯಾಪಕಿ ತಪ್ಪೆಂದು ಗದರಲಿಲ್ಲ. ಹುಡುಗನೊಬ್ಬನನ್ನು ಹತ್ತಿರಕ್ಕೆ ಕರೆದು, ಬರಿಯ ಸಕಾರವನ್ನು ಉಸಿರು ಮುಗಿಯುವವರೆಗೂ ಎಳೆಯುವಂತೆ ಹೇಳಿ, ಅವನು ಎಳೆಯುತ್ತಿದ್ದಂತೆಯೇ ತಾವು ಮೇಜನ್ನು ತಟ್ಟಿದರು. ತಟ್ಟಿದೊಡನೆ ಅವನು ‘ಕೂಲ್’ ಎನ್ನಬೇಕು. ಮೂರನೆಯ ಸಲಕ್ಕೆ ಇಕಾರ ಬಿದ್ದುಹೋಯಿತು. ಇಡೀ ತರಗತಿಯೇ ಸಕಾರವನ್ನೆಳೆಯುತ್ತ ಮೇಜು ತಟ್ಟುವ ಆಟಕ್ಕೆ ತೊಡಗಿದುದರಿಂದ ಕೆಳಗಿನ ಅಂಗಡಿಯವನು ಮೆಟ್ಟಿಲ ಬಳಿ ಬಂದು ನಿಂತು ಏನಾಯಿತೆಂದು ವಿಚಾರಿಸಿಕೊಂಡು ಹೋದನು.

ಈ ಉಪಾಯವನ್ನು ಯಾವ ತರಬೇತಿಯಲ್ಲಿ ಕಲಿತಿರೆಂದು ಪಾಠ ಮುಗಿದ ಬಳಿಕ ಕೇಳಿದೆನು. ತರಬೇತಿಯಲ್ಲಿ ಅಲ್ಲ ಎಂದರು. ಅಧ್ಯಾಪಕ ತರಬೇತಿಯ ಕಾಲೇಜಿನಲ್ಲಿದ್ದಾಗ ಅವರದೇ ‘ಇಸ್ಕೂಲ’ನ್ನು ಕೇಳಿ ಸಹಪಾಠಿಗಳು ನಕ್ಕುದುಂಟು, ಅಂದಿನಿಂದ ಕೆಲವು ಕಾಲ ಅವರು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟು, ರಾತ್ರಿ ಮನೆಯ ಮಹಡಿಯ ಮೇಲೆ ಒಬ್ಬರೇ ಕುಳಿತು ನಾಲಗೆ ಎಲ್ಲಿ ತಡೆಯುತ್ತಿದೆಯೆಂಬುದನ್ನು ತಾವೇ ಹುಡುಕಿ ತಿದ್ದಿಕೊಂಡರಂತೆ. ಹುಟ್ಟಿನಿಂದ ಇಂಗ್ಲಿಷ್ ಆಡಿದವರಿಗೆ ಆ ತಡೆ ಇರುವುದೇ ತಿಳಿಯದು. ತಿಳಿಯದ ತಡೆಯನ್ನು ಬಿಡಿಸುವುದಾದರೂ ಹೇಗೆ? ನಕ್ಕವರಿಗೆ ಉಚ್ಚಾರಣೆ ಗೊತ್ತಿತ್ತು, ಉಚ್ಚರಿಸುವ ಕಷ್ಟ ಗೊತ್ತಿರಲಿಲ್ಲ.

ಇದು ಕೇವಲ ಒಬ್ಬ ಅಧ್ಯಾಪಕಿಯ ಚಮತ್ಕಾರವೆಂದು ತಳ್ಳಿಹಾಕುವವರಿಗೆ ನಮ್ಮ ಊರಿನಲ್ಲಿಯೇ ನಡೆದ, ಪ್ರಪಂಚದ ಭಾಷಾಶಿಕ್ಷಣಶಾಸ್ತ್ರಜ್ಞರೆಲ್ಲ ಬಲ್ಲ, ಆದರೆ ಊರಿನವರು ಬಹುಮಟ್ಟಿಗೆ ಮರೆತಿರುವ ಒಂದು ಪ್ರಯೋಗವನ್ನು ನೆನಪಿಸಬೇಕಾಗುತ್ತದೆ. ದಕ್ಷಿಣ ಭಾರತದ ರಾಜ್ಯಗಳ ಇಂಗ್ಲಿಷ್ ಅಧ್ಯಾಪಕರ ತರಬೇತಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತಷ್ಟೆ. ಈ ಸಂಸ್ಥೆಯ ಸಹಕಾರದೊಡನೆ, ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿ ಅಧಿಕಾರಿಯಾಗಿದ್ದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಕೆಲವು ಶಾಲೆಗಳಲ್ಲಿ ಒಂದು ಹೊಸ ಬಗೆಯ ಪಾಠಕ್ರಮವನ್ನು ಪರೀಕ್ಷಿಸಿ ನೋಡಿದರು. ಅಲ್ಲಿಯವರೆಗೆ ನಡೆದುಬಂದದ್ದು ವಾಕ್ಯರಚನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವ ಪದ್ಧತಿ. ಪ್ರಭು ಅವರು ವ್ಯಾಕರಣವನ್ನು ಪಕ್ಕಕ್ಕಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ, ಊರಿನ ನಕ್ಷೆಯನ್ನೋ, ತಿಂಗಳ ಕ್ಯಾಲೆಂಡರನ್ನೋ ಇಟ್ಟು, ಬುದ್ಧಿಯನ್ನೋಡಿಸಿ ಬಿಡಿಸಬೇಕಾದ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಒಡ್ಡುತ್ತಿದ್ದರು. ಮೊದಲು ಅಧ್ಯಾಪಕರು ಅಂಥದೇ ಒಂದು ಸಮಸ್ಯೆಯನ್ನು ತರಗತಿಯೆಲ್ಲರೊಡನೆ ಮಾತಾಡುತ್ತ ಬಿಡಿಸುವರು. ಆಮೇಲೆ ಮಕ್ಕಳು ತಾವೇ ಇನ್ನೊಂದನ್ನು ಬಿಡಿಸುವರು. ತರಗತಿಯ ಅರ್ಧದಷ್ಟು ಮಂದಿ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಪಾಠ ಸಫಲವೆಂದು ಎಣಿಕೆ. ಅರ್ಥದ ಬೆನ್ನುಹತ್ತಿದ ಮನಸ್ಸಿಗೆ ಭಾಷೆ ತಾನಾಗಿ ಅಂಟಿಕೊಳ್ಳುತ್ತದೆಂಬುದು ಇದರ ಮೂಲತತ್ತ್ವ. 1987ರಲ್ಲಿ ಅವರು ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದರು. ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಿಂದ ಈ ಪ್ರಯೋಗ ದೇಶವಿದೇಶಗಳಲ್ಲಿ ಪಠ್ಯವಿಷಯವಾಯಿತು.

ಆದರೆ ನನ್ನ ಪ್ರಸ್ತುತ ವಾದಕ್ಕೆ ಆ ಪ್ರಯೋಗಕ್ಕಿಂತ ಅದನ್ನು ಮಾಡಿ ಮುಗಿಸಿದ ಮನುಷ್ಯ ಕೆಲವು ವರ್ಷಗಳ ತರುವಾಯ ಹೇಳಿದ ಮಾತು ಮುಖ್ಯವಾದುದು. ಹೊಸ ಪದ್ಧತಿಯೊಂದನ್ನು ಕಂಡುಹಿಡಿದವರು ಸಾಮಾನ್ಯವಾಗಿ ಅದೇ ಶ್ರೇಷ್ಠವೆಂದು ಸಾರುತ್ತ ತಿರುಗುತ್ತಾರೆ. ಪ್ರಭು ಅವರು 1990ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಅತ್ಯುತ್ತಮ ಪದ್ಧತಿಯೆಂಬುದೇ ಇಲ್ಲವೆಂದು ವಾದಿಸಿದರು. ಪ್ರತಿಯೊಬ್ಬ ಅಧ್ಯಾಪಕನಲ್ಲಿಯೂ, ಕಲಿಕೆಯು ಹೀಗೆ ನಡೆಯುತ್ತದೆ, ಹೀಗೆ ಮಾಡಿದರೆ ಅದಕ್ಕೆ ನೆರವಾಗುತ್ತದೆ ಎಂಬ ಒಂದು ಒಳನಂಬಿಕೆ ಇರುತ್ತದೆ. ಆತ ತಾನು ವಿದ್ಯಾರ್ಥಿಯಾಗಿದ್ದ ಕಾಲದ ಅನುಭವ, ಪಾಠ ಹೇಳಿದ ಅನುಭವ, ಮಕ್ಕಳ ತಂದೆತಾಯಿಯಾಗಿ ಕಂಡದ್ದು, ಕೇಳಿ ತಿಳಿದದ್ದು ಎಲ್ಲ ಕೂಡಿ ಅದು ರೂಪುಗೊಂಡಿರುತ್ತದೆ. ಆ ನಂಬಿಕೆ ಜೀವಂತವಾಗಿದ್ದು ಆತ ತನ್ನ ಪಾಠದಲ್ಲಿ ಮನಸಾರೆ ತೊಡಗಿದ್ದರೆ ಬೋಧನೆ ಫಲಿಸುತ್ತದೆ. ಅದು ಸತ್ತು ಬರಿಯ ಯಾಂತ್ರಿಕ ರೂಢಿಯಾದರೆ, ಪದ್ಧತಿ ಎಷ್ಟೇ ಘನವಾದುದಾಗಿರಲಿ, ಫಲಿಸುವುದಿಲ್ಲ — ಇದು ಅವರ ಅಭಿಪ್ರಾಯದ ಸಾರ. ಶಾಲೆಯ ನಿಜವಾದ ಶತ್ರು ಕೆಟ್ಟ ಪದ್ಧತಿಯಲ್ಲ, ಯಾಂತ್ರಿಕತೆ. ತಮ್ಮದೇ ಪದ್ಧತಿಗಿಂತ ಅಧ್ಯಾಪಕನ ಬಾಳು ದೊಡ್ಡದೆಂದು ಒಪ್ಪಿದ ಈ ವಿನಯ ವಿದ್ವಾಂಸರಲ್ಲಿ ವಿರಳ.

ಇಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಅನುಭವವಿದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ದಂಡಿನ ಹಲವು ಶಾಲೆಗಳಲ್ಲಿ ತಾಯಿನುಡಿಯಾಡಿದರೆ ದಂಡ ವಿಧಿಸುವ ಪದ್ಧತಿ ಬಹುಕಾಲ ನಡೆದುಬಂದಿತು, ಈಗಲೂ ಕೆಲವೆಡೆ ಗುಟ್ಟಾಗಿ ನಡೆಯುತ್ತಿದೆ. ಹಲಸೂರಿನಲ್ಲಿ ತಮಿಳಾಡುವ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಆ ದಂಡವನ್ನು ತೆತ್ತು ಬೆಳೆದ ಅಧ್ಯಾಪಕಿಯೊಬ್ಬರು ಇಂದು ತಮ್ಮ ತರಗತಿಯ ಹುಡುಗಿಯರಿಂದ ಅದನ್ನೇ ವಸೂಲು ಮಾಡುವುದನ್ನು ಕಂಡಿದ್ದೇನೆ. ಕೇಳಿದರೆ ‘ನಾವೂ ಹೀಗೇ ಕಲಿತವರಲ್ಲವೇ ಸಾರ್, ನಮಗೇನಾಯಿತು?’ ಎನ್ನುತ್ತಾರೆ. ಏನೂ ಆಗಲಿಲ್ಲವೆಂದು ಅವರು ನಿಜವಾಗಿಯೂ ನಂಬಿದ್ದಾರೆ. ಆದರೆ ಅವರು ಇಂಗ್ಲಿಷ್ ಕಲಿತದ್ದು ಆ ದಂಡದಿಂದಲೋ, ಅಥವಾ ದಂಡವಿದ್ದರೂ, ಮನೆಯ ಪಕ್ಕದ ಚರ್ಚಿನ ಗಾಯನಮಂಡಳಿಯಲ್ಲಿ ಪ್ರತಿ ಭಾನುವಾರ ಹಾಡಿದುದರಿಂದಲೋ ಎಂಬ ವಿಚಾರ ಅವರಿಗೆ ಹೊಳೆದೇ ಇಲ್ಲ. ಹಾಡಿನ ವಿಷಯವನ್ನು ಬೇರೆ ಯಾವುದೋ ಮಾತಿನ ನಡುವೆ ಅವರೇ ನನಗೆ ಹೇಳಿದರು. ಒಂದೇ ಬಾಳಿನಲ್ಲಿ ಎರಡು ಅನುಭವಗಳಿದ್ದವು. ಕಲಿಸಿದ ಅನುಭವವನ್ನು ಮರೆತು, ನೋಯಿಸಿದ ಅನುಭವವನ್ನು ಅವರು ಪದ್ಧತಿಯಾಗಿಸಿಕೊಂಡರು. ಪರಾಮರ್ಶೆಯಿಲ್ಲದ ಅನುಭವದ ಗತಿ ಬಹುತೇಕ ಇದೇ. ಶಿವಾಜಿನಗರದ ಅಧ್ಯಾಪಕಿಗೂ ಹಲಸೂರಿನ ಅಧ್ಯಾಪಕಿಗೂ ಇರುವ ಅಂತರ ಜಾತಿಯದಲ್ಲ, ಬಡತನದ್ದಲ್ಲ, ಪದವಿಯದಲ್ಲ. ಒಬ್ಬರು ತಮ್ಮ ಅವಮಾನವನ್ನು ತಿರುಗಿ ನೋಡಿ ಅದರೊಳಗಿನ ಕಾರಣವನ್ನು ಕಂಡುಕೊಂಡರು, ಇನ್ನೊಬ್ಬರಿಗೆ ತಿರುಗಿ ನೋಡುವ ಸಂದರ್ಭವನ್ನು ಯಾರೂ ಒದಗಿಸಲಿಲ್ಲ.

ಕನ್ನಡಿಗರಾದ ನಮಗೆ ಈ ವಿಷಯ ಹೊಸತಾಗಿ ತೋರಬಾರದಾಗಿತ್ತು. ನಮ್ಮ ಆಧುನಿಕ ಸಾಹಿತ್ಯವನ್ನು ಕಟ್ಟಿದವರಲ್ಲಿ ಎಷ್ಟು ಮಂದಿ ಇಂಗ್ಲಿಷ್ ಮೇಷ್ಟರುಗಳಾಗಿದ್ದರೆಂಬುದನ್ನು ನೆನೆಯಿರಿ: ಬಿ.ಎಂ. ಶ್ರೀಕಂಠಯ್ಯನವರು, ಎಸ್.ವಿ. ರಂಗಣ್ಣನವರು, ಎ.ಎನ್. ಮೂರ್ತಿರಾಯರು, ವಿ.ಕೃ. ಗೋಕಾಕರು, ಅಡಿಗರು, ಲಂಕೇಶರು, ಅನಂತಮೂರ್ತಿಯವರು. ಇವರೆಲ್ಲ ಇಂಗ್ಲಿಷ್ ಆಡದ ಮನೆಗಳಿಂದ ಹೊರಟು ಇಂಗ್ಲಿಷನ್ನು ಪಡೆದವರು. ಆ ಹಾದಿಯ ಏರುತಗ್ಗುಗಳನ್ನು ಬಲ್ಲವರಾದ ಕಾರಣದಿಂದಲೇ ಎರಡು ಭಾಷೆಗಳಿಗೂ ಬೇಕಾದವರಾದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಇಡೀ ದೇಶದ ಇಂಗ್ಲಿಷ್ ಬೋಧನೆಯ ಹೊಣೆ ಹೊತ್ತಿದ್ದ ಗೋಕಾಕರೇ, 1981ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಸಲ್ಲಬೇಕೆಂದು ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರಾಗಿದ್ದರು. ಇದನ್ನು ವಿರೋಧಾಭಾಸವೆನ್ನುವವರು ಗೋಕಾಕರ ಬಾಳನ್ನು ಅರಿಯದವರು. ಪರಭಾಷೆಯನ್ನು ಆಳವಾಗಿ ಕಲಿತವನಿಗೆ ಮಗುವಿನ ಸ್ವಭಾಷೆಯ ಬೆಲೆ ತಿಳಿಯದಿರುವುದು ಸಾಧ್ಯವಿಲ್ಲ.

ದಂಡಿನಲ್ಲಿ ತಲೆಮಾರುಗಳ ಕಾಲ ಪಾಠ ಹೇಳಿದ ಆಂಗ್ಲೋ-ಇಂಡಿಯನ್ ಅಧ್ಯಾಪಕಿಯರ ಮಾತೇನು, ಅವರಿಗೆ ಇಂಗ್ಲಿಷ್ ತಾಯಿನುಡಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಅವರ ಋಣ ಈ ಊರಿನ ಮೇಲೆ ಬಹಳವಿದೆ. ಆದರೆ ಅವರಲ್ಲಿ ಬಡಮಕ್ಕಳ ಮನಸ್ಸನ್ನು ಗೆದ್ದವರು ರಸೆಲ್ ಮಾರುಕಟ್ಟೆಯಲ್ಲಿ ತಮಿಳಿನಲ್ಲಿಯೋ ದಖನಿಯಲ್ಲಿಯೋ ಚೌಕಾಸಿ ಮಾಡಬಲ್ಲವರು, ಎಂದರೆ ತಾವೂ ಒಂದು ಪರಭಾಷೆಯಲ್ಲಿ ತಡವರಿಸಿ ಗೆದ್ದವರು ಎಂಬುದು ನಾನು ಕೇಳಿ ಬಲ್ಲ ಸಂಗತಿ. ಆದುದರಿಂದ ಇಂಗ್ಲಿಷ್ ಮನೆಯಿಂದ ಬಂದವರಾಗಲಿ, ಇಂಗ್ಲಿಷ್ ಮಾಧ್ಯಮದ ಒಳ್ಳೆಯ ಶಾಲೆಯಿಂದ ಬಂದವರಾಗಲಿ, ಈ ಭಾಗದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ತಮಗೆ ಬಾರದ ಒಂದು ಭಾಷೆಯನ್ನು ತಮ್ಮ ತರಗತಿಯ ತಾಯಂದಿರಿಂದ ಕಲಿಯಲು ತೊಡಗಬೇಕೆಂದು ನಾನು ಹೇಳುವೆನು. ಕೆ.ಆರ್. ಪುರದಲ್ಲಾದರೆ ಒರಿಯಾ, ಬಂಗಾಳಿ, ತೆಲುಗು, ಯಾವುದಾದರೂ ಸರಿ. ಪ್ರಾವೀಣ್ಯ ಬೇಕಿಲ್ಲ. ಗೊತ್ತಿರುವ ವಿಷಯವನ್ನು ಹೇಳಲಾರದೆ ನಾಲಗೆ ಒಣಗುವುದು ಹೇಗಿರುತ್ತದೆಂಬುದು ತಿಳಿದರೆ, ಹೊಸದಾಗಿ ಬಂದ ಮಗು ತಿಂಗಳುಗಟ್ಟಲೆ ಬಾಯಿ ತೆರೆಯದೆ ಕುಳಿತಾಗ ಅದನ್ನು ದಡ್ಡತನವೆಂದು ಬಗೆಯದೆ, ಅದು ಕೇಳಿಸಿಕೊಳ್ಳುತ್ತಿದೆಯೆಂದು ಕಾಯುವ ತಾಳ್ಮೆ ಬರುತ್ತದೆ.

ಕೆ.ಆರ್. ಪುರದ ಪ್ರಸ್ತಾಪ ಬಂತು. ಅಲ್ಲಿಯ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿರುವ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬದ ಮಗಳೊಬ್ಬಳ ಪಾಠವನ್ನು ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಆರನೆಯ ತರಗತಿಯ ಹಲಗೆಯ ಮೇಲೆ ಆಕೆ ಒಂದು ಕೋಷ್ಟಕವನ್ನು ಬರೆದಿದ್ದಳು: ನಾಲ್ಕು ಮಂದಿ ಕೆಲಸಗಾರರು, ವಾರದ ಆರು ದಿನ, ಯಾರು ಯಾವ ದಿನ ಬಂದರು, ಯಾರದು ಅರ್ಧ ದಿನ, ಗಾರೆಯವನಿಗೆ ಎಷ್ಟು, ಕಲ್ಲು ಹೊರುವವಳಿಗೆ ಎಷ್ಟು, ಯಾರು ಮುಂಗಡ ಪಡೆದಿದ್ದಾರೆ. ಶನಿವಾರದ ಬಟವಾಡೆಯಲ್ಲಿ ಯಾರ ಕೈಗೆಷ್ಟು ಬರಬೇಕು, ಮೇಸ್ತ್ರಿ ಕೊಟ್ಟದ್ದು ಸರಿಯೇ ಎಂಬುದು ಪ್ರಶ್ನೆ, ಪ್ರಶ್ನೋತ್ತರವೆಲ್ಲ ಇಂಗ್ಲಿಷಿನಲ್ಲಿ. ಪಠ್ಯಪುಸ್ತಕದ ಪಾಠಕ್ಕೆ ಆಕಳಿಸುವ ಮಕ್ಕಳು ಅಂದು ಬೆಂಚಿನ ಮೇಲೆ ಮಂಡಿಯೂರಿ ನಿಂತಿದ್ದರು. ಮೇಸ್ತ್ರಿಯು ಒಬ್ಬಳ ಅರ್ಧ ದಿನವನ್ನು ನುಂಗಿದ್ದಾನೆಂದು ಪತ್ತೆಹಚ್ಚಿದ ಹುಡುಗಿ ಅದನ್ನು ಹೇಳಲು ಮೊದಲು ಕನ್ನಡದಲ್ಲಿ ಕೂಗಿ, ಆಮೇಲೆ ಹುಡುಕಿ ಹುಡುಕಿ ಆರು ಪದದ ಇಂಗ್ಲಿಷ್ ವಾಕ್ಯವೊಂದನ್ನು ಕಟ್ಟಿದಳು. ಕ್ರಿಯಾಪದ ತಪ್ಪಾಗಿತ್ತು, ಅಧ್ಯಾಪಕಿ ಸರಿಯಾದ ವಾಕ್ಯವನ್ನು ತಾನೊಮ್ಮೆ ಸಹಜವಾಗಿ ನುಡಿದು ಮುಂದಕ್ಕೆ ಹೋದಳು.

ಪ್ರಭು ಅವರ ಹೆಸರನ್ನು ಆಕೆ ಕೇಳಿರಲಿಲ್ಲ. ಕೇಳಿದ್ದವರು ಹಲವರು ಇಂಥ ಒಂದು ಪಾಠವನ್ನೂ ಮಾಡಿರಲಾರರು. ನನಗೆ ಹೆಚ್ಚು ಹಿಡಿಸಿದುದು ಇನ್ನೊಂದು ಸಂಗತಿ: ಕೋಷ್ಟಕದಲ್ಲಿದ್ದ ನಾಲ್ಕು ಹೆಸರುಗಳೂ ಆ ತರಗತಿಯ ಯಾವ ಮಗುವಿನ ತಂದೆತಾಯಿಯದೂ ಅಲ್ಲದಂತೆ ಆಕೆ ಹಾಜರಿ ಪುಸ್ತಕವನ್ನು ನೋಡಿ ಎಚ್ಚರ ವಹಿಸಿದ್ದಳು, ಮತ್ತು ‘ನಿಮ್ಮಪ್ಪನ ಕೂಲಿಯೆಷ್ಟು?’ ಎಂದು ಯಾರನ್ನೂ ಕೇಳಲಿಲ್ಲ. ಮಕ್ಕಳ ಬಾಳನ್ನು ಪಾಠದೊಳಕ್ಕೆ ತರಬೇಕೆಂದು ಶಿಕ್ಷಣತಜ್ಞರು ಹೇಳುವರು. ತಂದಾಗ ಮಗುವಿನ ಮಾನ ಎಲ್ಲಿ ಹೋಗುತ್ತದೆ, ಎಲ್ಲಿ ಉಳಿಯುತ್ತದೆ ಎಂಬ ಸೂಕ್ಷ್ಮವು ಅಂಥದೇ ಬೆಂಚಿನ ಮೇಲೆ ಕುಳಿತು ಎದ್ದವರಿಗೆ ಮಾತ್ರ ಸುಲಭವಾಗಿ ತಿಳಿಯುತ್ತದೆ.

ಇಂಥವರ ಇಂಗ್ಲಿಷಿನಲ್ಲಿಯೇ ದೋಷಗಳಿದ್ದರೆ ಅವು ಮಕ್ಕಳಿಗೂ ಇಳಿಯುವುವಲ್ಲ ಎಂಬುದು ಬಲವಾದ ಆಕ್ಷೇಪ. ಅದನ್ನು ಹಗುರವಾಗಿ ಕಾಣಲಾಗದು. ತಾನು ಅರಿಯದುದನ್ನು ಅನುಕಂಪದಿಂದ ಕಲಿಸಲಾಗುವುದಿಲ್ಲ. ಕಥೆ ಕಾದಂಬರಿಗಳನ್ನು ಓದುವ, ಒಳ್ಳೆಯ ಇಂಗ್ಲಿಷನ್ನು ದಿನವೂ ಕೇಳುವ ಅಭ್ಯಾಸ ಅಧ್ಯಾಪಕರಿಗೆ ಇರಲೇಬೇಕು, ಅದಕ್ಕೆ ಸಮಯವನ್ನೂ ಪುಸ್ತಕಗಳನ್ನೂ ಒದಗಿಸಬೇಕು. ಆದರೆ ಭಾಷೆಯ ಕೊರತೆಯನ್ನು ಓದಿನಿಂದ ತುಂಬಬಹುದು. ಮಗುವಿನ ಕಷ್ಟವನ್ನು ಕಾಣುವ ಕಣ್ಣನ್ನು ಯಾವ ಪುಸ್ತಕದಿಂದ ತರುವುದು?

ಸರ್ಕಾರದ ನೀತಿಗಳೇನೋ ಬದಲಾಗುತ್ತಲೇ ಬಂದಿವೆ. 1994ರ ಆದೇಶವು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆಯನ್ನು ತಂದೆತಾಯಿಗಳಿಗೆ ಬಿಟ್ಟಿತು. 2007-08ರಿಂದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಹತ್ತಾರು ವರ್ಷ ಕನ್ನಡದಲ್ಲಿ ಪಾಠ ಹೇಳಿದವರು ಅಲ್ಪಕಾಲದ ತರಬೇತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಹೇಳತೊಡಗಿದರು. ಈ ಎಲ್ಲ ಏರಿಳಿತಗಳಲ್ಲಿ ಅಧ್ಯಾಪಕನಿಗೆ ಏನನ್ನು ಕಲಿಸಬೇಕೆಂಬ ಚರ್ಚೆ ನಡೆಯಿತೇ ಹೊರತು, ಅವನಲ್ಲಿ ಆಗಲೇ ಏನಿದೆಯೆಂದು ನೋಡುವ ಪ್ರಯತ್ನ ನಡೆಯಲಿಲ್ಲ.

ನೋಡುವುದಕ್ಕೆ ಹೊಸ ಸಂಸ್ಥೆಯೇನೂ ಬೇಕಾಗಿಲ್ಲ. ಅಕ್ಕಪಕ್ಕದ ಶಾಲೆಗಳ ಅಧ್ಯಾಪಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯೆಂಬುದೊಂದು ವ್ಯವಸ್ಥೆ ಈಗಾಗಲೇ ಇದೆ. ಸುತ್ತೋಲೆಗಳನ್ನು ಓದುವುದರಲ್ಲಿಯೂ, ಅಂಕಿಅಂಶಗಳ ನಮೂನೆಗಳನ್ನು ತುಂಬಿಸುವುದರಲ್ಲಿಯೂ ಅದರ ಬಹುಭಾಗ ಕಳೆದುಹೋಗುತ್ತದೆ. ಆ ಸಭೆಯ ಅರ್ಧ ಸಮಯವನ್ನು ಇಂಗ್ಲಿಷ್ ಕಲಿಸುವವರು ತಾವು ಆ ಭಾಷೆಯನ್ನು ಕಲಿತ ಬಗೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಕ್ಕೆ, ಮತ್ತು ಹೇಳಿದುದನ್ನು ಉಳಿದವರು ಪ್ರಶ್ನಿಸುವುದಕ್ಕೆ ಮೀಸಲಿಟ್ಟರೆ ಹಲಸೂರಿನ ಆ ಅಧ್ಯಾಪಕಿಗೆ ದಂಡದ ಕಥೆಯೊಡನೆ ಹಾಡಿನ ಕಥೆಯನ್ನೂ ಹೇಳುವ ಸಂದರ್ಭ ಒದಗೀತು. ಕೇಳುತ್ತಿರುವವರಲ್ಲಿ ಒಬ್ಬರಾದರೂ ಎರಡರಲ್ಲಿ ಯಾವುದು ಕಲಿಸಿತೆಂದು ಕೇಳಿಯಾರು. ಸಭೆಗೆ ಅತಿಥಿ ಶಿಕ್ಷಕರನ್ನೂ, ಗಲ್ಲಿಯ ಖಾಸಗಿ ಶಾಲೆಗಳವರನ್ನೂ ಕರೆಯಬೇಕು. ಈ ಭಾಗದ ಮಕ್ಕಳ ಬಾಳಿಗೆ ಹತ್ತಿರದ ಬಾಳು ಕಂಡವರು ಹೆಚ್ಚಾಗಿ ಅವರೇ. ಅತಿಥಿ ಶಿಕ್ಷಕರನ್ನು ನೇಮಿಸಿಕೊಳ್ಳುವುದು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಮಾತ್ರ. ವರ್ಷ ಮುಗಿದ ಮೇಲೆ ಆ ಬಟವಾಡೆಯ ಕೋಷ್ಟಕವನ್ನು ಬರೆದವಳು ಯಾವ ಶಾಲೆಯಲ್ಲಿರುವಳೋ, ಶಾಲೆಯಲ್ಲಿಯೇ ಇರುವಳೋ, ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಿರುವಳೋ ಹೇಳಲಾಗದು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಅಂಥ ಸಭೆಯೊಂದನ್ನು ಪರೀಕ್ಷೆಯ ಗಡಿಬಿಡಿ ತೊಡಗುವ ಮೊದಲೇ ಕರೆಯುವುದು ಒಳ್ಳೆಯದು.